ಸಂಗೀತ ಪಾಠ ಹೇಳುವ ಶಿಷ್ಯೆಗೆ

ಪ್ರೀತಿಯ ಮಗೂ,



ಬೆಳಗಿನ ಜಾವ ಐದೂವರೆಗೆ ಅಮೆರಿಕದ ಮಕ್ಕಳಿಗೆ ಆನ್‌ಲೈನ್ ಪಾಠ, ಮಧ್ಯಾಹ್ನ ಶಾಲೆ, ಸಂಜೆ ಮನೆಯಲ್ಲಿ ಎರಡು ಬ್ಯಾಚು. ರಾತ್ರಿ ನಿನ್ನ ಸಾಧಕಕ್ಕೆ ಕೂತರೆ ತಾರ ಷಡ್ಜದಲ್ಲಿ ಬರೀ ಗಾಳಿ ಬರುತ್ತದೆ ಎಂದು ಬರೆದಿದ್ದೀಯ. ರಾಮನವಮಿ ಕಚೇರಿ ಹತ್ತಿರ ಬರುತ್ತಿದೆ, ಯಾವ ಕಷಾಯ ಕುಡಿಯಲಿ ಎಂದು ಕೇಳಿದ್ದೀಯ. ಕಷಾಯದ ಮಾತು ಆಮೇಲೆ ಆಡೋಣ. ನಿನ್ನ ಗಂಟಲು ದಣಿಯುತ್ತಿರುವುದು ಪಾಠದಲ್ಲಿ. ಹಾಗಾಗಿ ಮೊದಲು ಪಾಠವನ್ನೇ ನೋಡಬೇಕು.

ಕಳೆದ ಸಲ ನಿನ್ನ ಮನೆಗೆ ಬಂದಾಗ ಪಕ್ಕದ ಕೋಣೆಯಲ್ಲಿ ಕೂತು ನಿನ್ನ ಪಾಠ ಕೇಳಿದೆ. ಜಂಟಿ ವರಸೆ ನಡೆಯುತ್ತಿತ್ತು. ಶ್ರುತಿಪೆಟ್ಟಿಗೆ ಜೋರಾಗಿತ್ತು, ಮೇಲೆ ಫ್ಯಾನು, ಕಿಟಕಿಯಾಚೆ ಟ್ರಾಫಿಕ್ಕು. ಇಷ್ಟರ ಮೇಲೆ ನಿನ್ನ ದನಿ. ಪ್ರತಿ ಸಾಲನ್ನೂ ನೀನು ಒಮ್ಮೆ ಹೇಳಿಕೊಟ್ಟೆ, ಮತ್ತೆ ಮಕ್ಕಳ ಜೊತೆಗೂ ಹಾಡಿದೆ. ಎರಡನೇ ಕಾಲ, ಮೂರನೇ ಕಾಲ ಎಲ್ಲದರಲ್ಲೂ ಹಾಗೆಯೇ. ಹಿಂದೆ ಕೂತಿದ್ದ ಎರಡು ಜಡೆಯ ಹುಡುಗಿ ಮಾಯಾಮಾಳವಗೌಳದ ಅಂತರ ಗಾಂಧಾರವನ್ನು ಪ್ರತಿ ಸಲವೂ ಒಂದಿಷ್ಟು ಕೆಳಗೇ ನಿಲ್ಲಿಸುತ್ತಿದ್ದಳು. ಪಕ್ಕದ ಕೋಣೆಯಲ್ಲಿದ್ದ ನನಗೆ ಅದು ಕೇಳಿಸಿತು, ಎದುರಿಗಿದ್ದ ನಿನಗೆ ಕೇಳಿಸಲಿಲ್ಲ. ಹೇಗೆ ಕೇಳಿಸಬೇಕು? ನಿನ್ನ ಕಿವಿಯ ತುಂಬ ನಿನ್ನ ದನಿಯೇ ಇತ್ತು.

ನಾನು ಹೇಳಬೇಕೆಂದಿರುವುದು ಇಷ್ಟೇ: ಪಾಠದ ಹೊತ್ತಿನಲ್ಲಿ ಹಾಡುವುದು ಮಕ್ಕಳ ಕೆಲಸ, ಕೇಳುವುದು ನಿನ್ನದು. ಒಂದು ಸಾಲನ್ನು ಒಮ್ಮೆ, ಮೆಲ್ಲನೆ, ಶುದ್ಧವಾಗಿ ಹಾಡಿ ತೋರಿಸು. ಬೇಕಾದರೆ ಇನ್ನೊಮ್ಮೆ. ಆಮೇಲೆ ಬಾಯಿ ಮುಚ್ಚಿ ತಾಳ ಹಾಕು. ಸ್ಥಾನ ತಪ್ಪಿದ ಮಗುವಿಗೆ ಕೈಯಲ್ಲೇ ಮೇಲೆ, ಕೆಳಗೆ ಎಂದು ತೋರಿಸು. ಆಗ ನಿನ್ನ ಕಣ್ಣಿಗೂ ಕೆಲಸ ಸಿಗುತ್ತದೆ. ಮೇಲಿನ ಸ್ವರಕ್ಕೆ ಹೋಗುವಾಗ ಗಲ್ಲ ಎತ್ತುವವರು ಯಾರು, ಉಸಿರು ತೆಗೆದುಕೊಳ್ಳುವಾಗ ಭುಜ ಕುಣಿಸುವವರು ಯಾರು, ಕುತ್ತಿಗೆಯ ನರ ಉಬ್ಬಿಸುವವರು ಯಾರು ಎಂದು ಆಗ ಕಾಣುತ್ತದೆ. ಮಗುವಿನ ಕಂಠ ಬಿಗಿಯುವುದು ಅಲ್ಲಿಂದಲೇ. ಅದನ್ನು ಮೊದಲ ವರ್ಷ ತಿದ್ದದಿದ್ದರೆ ವರ್ಣಕ್ಕೆ ಬರುವ ಹೊತ್ತಿಗೆ ಅದೇ ಅಭ್ಯಾಸವಾಗಿರುತ್ತದೆ. ಆನ್‌ಲೈನ್ ಪಾಠದಲ್ಲಂತೂ ಶಬ್ದ ತಡವಾಗಿ ಹೋಗುವುದರಿಂದ ಜೊತೆಗೆ ಹಾಡಿ ಪ್ರಯೋಜನವೇ ಇಲ್ಲ. ಆದರೂ ಅಲ್ಲಿ ನೀನು ಇನ್ನಷ್ಟು ಜೋರಾಗಿ ಹಾಡುತ್ತೀಯ. ಸುತ್ತ ಸದ್ದಿದ್ದರೆ, ಎದುರಿನವರ ಮಾತು ಸರಿಯಾಗಿ ಕೇಳದಿದ್ದರೆ ಯಾರೇ ಆದರೂ ತಮಗೆ ತಿಳಿಯದಂತೆಯೇ ದನಿ ಏರಿಸುತ್ತಾರೆ. ಒಳ್ಳೆಯ ಹೆಡ್‌ಫೋನ್ ತೆಗೆದುಕೋ. ಶಾಲೆಯ ದೊಡ್ಡ ತರಗತಿಗೆ ಕಾಲರ್ ಮೈಕು, ಸಣ್ಣ ಸ್ಪೀಕರು ಬೇಕೇ ಬೇಕು. ಸಂಗೀತದವರಿಗೆ ಮೈಕು ಯಾಕೆ ಎಂದು ಯಾರಾದರೂ ಅಂದರೆ ಅಂದುಕೊಳ್ಳಲಿ.

ನೀನು 5 ಮನೆ ಶ್ರುತಿಯಲ್ಲಿ ಹಾಡುವವಳು. ನಿನ್ನ ಮಧ್ಯ ಷಡ್ಜದಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 196 ಸಲ ಒಂದಕ್ಕೊಂದು ತಾಗಿ ಬಿಡಿಸಿಕೊಳ್ಳುತ್ತವೆ, ತಾರ ಷಡ್ಜದಲ್ಲಿ 392 ಸಲ. ತಾರ ಷಡ್ಜವನ್ನು ಒಟ್ಟು ಒಂದು ನಿಮಿಷ ಹಿಡಿದರೆ 23,000ಕ್ಕೂ ಹೆಚ್ಚು ತಾಕಲಾಟ. ಹೆಂಗಸರಲ್ಲಿ ಒಂದರಿಂದ ಒಂದೂವರೆ ಸೆಂಟಿಮೀಟರಿನಷ್ಟು ಉದ್ದವಿರುವ ಎರಡು ಮಡಿಕೆಗಳು ಇಷ್ಟೆಲ್ಲ ಹೊತ್ತುಕೊಳ್ಳುತ್ತವೆ. ದೇಹ ಇದನ್ನು ತಾಳಿಕೊಳ್ಳುವಂತೆಯೇ ಆಗಿದೆ. ಆದರೆ ಒತ್ತಿ ಹಾಡಿದಾಗ, ಕಿರುಚಿದಾಗ, ವಿಶ್ರಾಂತಿ ಕೊಡದಿದ್ದಾಗ ತಾಕು ಅತಿ ಹೆಚ್ಚಾಗಿ ಬೀಳುವ ಜಾಗದಲ್ಲಿ, ಅಂದರೆ ತಂತುವಿನ ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, ಎರಡೂ ಕಡೆ ಊತ ಬಂದು ನಿಧಾನವಾಗಿ ಗಂಟು ಕಟ್ಟುತ್ತದೆ. ಆಗ ಮಡಿಕೆಗಳು ಪೂರ್ತಿ ಕೂಡುವುದಿಲ್ಲ, ಸಂದಿನಿಂದ ಗಾಳಿ ಸೋರುತ್ತದೆ. ನಿನಗೆ ಆಗಿರುವುದು ಬರಿಯ ದಣಿವೋ, ಊತವೋ, ಗಂಟೋ ಎಂದು ಪತ್ರ ಓದಿ ನಾನು ಹೇಳಲಾರೆ. ಯಾರೂ ಹೇಳಲಾರರು. ಒಳಗೆ ನೋಡಿಯೇ ತಿಳಿಯಬೇಕು.

ಹಾಗೆ ಒಳಗೆ ನೋಡುವ ದಾರಿ ತೋರಿಸಿದವರಲ್ಲಿ ಒಬ್ಬ ಸಂಗೀತದ ಮೇಷ್ಟ್ರೇ ಇದ್ದಾನೆ ಎನ್ನುವುದು ನನಗೆ ತುಂಬ ಹೆಮ್ಮೆಯ ವಿಷಯ. ಮ್ಯಾನುವೆಲ್ ಗಾರ್ಸಿಯಾ ಸ್ಪೇನ್ ಮೂಲದವನು, ವೇದಿಕೆ ಬಿಟ್ಟು ಪಾಠಕ್ಕೆ ನಿಂತವನು. 1854ರಲ್ಲಿ ಪ್ಯಾರಿಸ್ಸಿನಲ್ಲಿ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲೊಳಗೆ ಹಿಡಿದು, ಇನ್ನೊಂದು ಕೈಗನ್ನಡಿಯಿಂದ ಬಿಸಿಲು ಹಾಯಿಸಿ, ತನ್ನದೇ ಧ್ವನಿತಂತುಗಳು ಆಡುವುದನ್ನು ಕಂಡ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದನ್ನು ವಿವರಿಸಿ ಬರೆದ. ಬದುಕಿದ್ದು 1906ರವರೆಗೆ, ನೂರು ವರ್ಷ ದಾಟಿ. ಪಾಠ ಹೇಳುವವರಿಗೆ ಗಂಟಲಿನ ಬಗ್ಗೆ ಇರಬೇಕಾದದ್ದು ಅಂಥ ಕುತೂಹಲ. ನಮ್ಮಲ್ಲಿ ಅದು ಕಡಿಮೆ. ಗಂಟಲು ಕಟ್ಟುವ ತನಕ ಹಾಡಿದರೇ ಸಾಧನೆ, ಕಟ್ಟಿ ಬಿಟ್ಟರೆ ಕಂಠ ಪಳಗುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಅದನ್ನು ನಂಬಬೇಡ, ನಿನ್ನ ಮಕ್ಕಳಿಗೆ ಹೇಳಲೂಬೇಡ.

ಕಟ್ಟಿದ ಕಂಠ ಪಳಗುತ್ತದೆ ಎನ್ನುವ ಮಾತಿಗೆ ಕೆಲವರು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ದಪ್ಪ ದನಿಯನ್ನು ಸಾಕ್ಷಿಗೆ ತರುತ್ತಾರೆ. ಅವರ ಎಳವೆಯ ಧ್ವನಿಮುದ್ರಿಕೆ ಸಿಕ್ಕರೆ ಕೇಳು, ಅಲ್ಲಿ ಎತ್ತರದ ತೆಳು ಕಂಠವಿದೆ. ದನಿ ದಪ್ಪಗಾದದ್ದು ಗಂಟಲಿನ ಕಾಯಿಲೆ ಮತ್ತು ಚಿಕಿತ್ಸೆಯ ನಂತರ, ಸಾಧನೆಯ ಅತಿಯಿಂದಲ್ಲ. ಅವರ ದೊಡ್ಡತನ ಬೇರೆ ಕಡೆ ಇದೆ. ಹೋದ ಕಂಠದ ಹಿಂದೆ ಅವರು ಓಡಲಿಲ್ಲ. ಇದ್ದ ಕಂಠಕ್ಕೆ ಒಪ್ಪುವ ಹಾಗೆ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತ ಕಿರಾಣಾ ಘರಾಣೆಯ ಗಾಯನವನ್ನು ನಿಧಾನವಾಗಿ, ಸ್ವರ ಸ್ವರವಾಗಿ ಹಾಡಿದರು. ನಿನ್ನ ಬಳಿ ಕಲಿಯಲು ಬರುವ ಐವತ್ತು ದಾಟಿದ ಹೆಂಗಸರಿಗೆ ಇದನ್ನು ಹೇಳು. ಅವರನ್ನು ನಿನ್ನ ಶ್ರುತಿಗೆ ಎಳೆಯಬೇಡ. ಮುಟ್ಟು ನಿಂತ ಮೇಲೆ ದನಿ ತಗ್ಗುವುದು ಸಾಮಾನ್ಯ. 4 ಮನೆಗೆ ಇಳಿಸಿಕೊಂಡು ನೆಮ್ಮದಿಯಾಗಿ ಹಾಡಲಿ. ದನಿ ಕಾರಣವಿಲ್ಲದೆ ಒರಟಾಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಲು ಹೇಳು.

ನಿನ್ನ ಸಂಜೆ ಬ್ಯಾಚಿನ ಆ ಹದಿಮೂರರ ಹುಡುಗನ ಬಗ್ಗೆ ನನಗೆ ಹೆಚ್ಚು ಚಿಂತೆ. ಅವನ ದನಿ ಒಡೆಯುತ್ತಿದೆ. ಈ ವಯಸ್ಸಿನಲ್ಲಿ ಗಂಡುಹುಡುಗರ ಧ್ವನಿಪೆಟ್ಟಿಗೆ ಬೆಳೆದು ತಂತುಗಳು ಉದ್ದವಾಗಿ, ಮಾತು ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಇಳಿಯುತ್ತದೆ. ಹೆಣ್ಣುಮಕ್ಕಳಲ್ಲೂ ಬದಲಾವಣೆ ಇದೆ, ಅಷ್ಟಾಗಿ ಕೇಳಿಸುವುದಿಲ್ಲ. ದನಿ ಎಲ್ಲಿ ಮುರಿಯುತ್ತದೋ ಎಂಬ ನಾಚಿಕೆಗೆ ಹುಡುಗರು ಪಾಠ ಬಿಡುವುದು ಈ ಹೊತ್ತಿನಲ್ಲೇ. ಎಲ್ಲರ ಜೊತೆ 5 ಮನೆಯಲ್ಲಿ ಹಾಡಿಸಬೇಡ. ವಾರದಲ್ಲಿ ಒಂದು ದಿನ ಒಬ್ಬನೇ ಬರಲಿ, ಸುಖವಾಗಿ ಬರುವ ಐದಾರು ಸ್ವರಗಳಲ್ಲೇ ಹಾಡಲಿ, ಶ್ರುತಿ ತಿಂಗಳು ತಿಂಗಳು ಇಳಿದರೂ ಇಳಿಯಲಿ. ಉಳಿದ ಹೊತ್ತು ತಾಳ, ಸ್ವರಲಿಪಿ, ರಾಗ ಗುರುತಿಸುವುದು, ಕೇಳ್ಮೆ. ಮನೆಯವರಿಗೆ ನೀನೇ ಹೋಗಿ ತಿಳಿಸು.

ಈಗ ಕಷಾಯ. ಕುಡಿ, ಹಿತವಾಗಿರುತ್ತದೆ. ಆದರೆ ನುಂಗಿದ್ದು ಯಾವುದೂ ಧ್ವನಿತಂತುವನ್ನು ಮುಟ್ಟುವುದಿಲ್ಲ. ನುಂಗುವಾಗ ಆ ದಾರಿ ಮುಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ನೆತ್ತಿಗೇರಿ ಕೆಮ್ಮುತ್ತೇವೆ. ನೀರು ರಕ್ತದ ಮೂಲಕ ಅಲ್ಲಿಗೆ ತಲುಪಬೇಕು. ಆದ್ದರಿಂದ ಕಚೇರಿಯ ದಿನ ವೇದಿಕೆಯ ಮೇಲೆ ಫ್ಲಾಸ್ಕು ತೆರೆಯುವುದಕ್ಕಿಂತ ಬೆಳಗಿನಿಂದಲೇ ಆಗಾಗ ನೀರು ಕುಡಿಯುವುದು ಮುಖ್ಯ. ನೇರವಾಗಿ ತಂತುವಿಗೆ ತಾಗುವುದು ಉಗಿ. ಬರೀ ನೀರಿನ ಉಗಿ ಸಾಕು, ಅದರಲ್ಲಿ ಮುಲಾಮು ಕರಗಿಸಬೇಡ. ಜ್ಯೇಷ್ಠಮಧು ಅಗಿಯುವ ಅಭ್ಯಾಸವಿದ್ದರೆ ಮಿತವಾಗಿರಲಿ, ಅತಿಯಾದರೆ ರಕ್ತದೊತ್ತಡ ಏರುತ್ತದೆ. ರಾತ್ರಿ ಕಚೇರಿ ಮುಗಿಸಿ ಹನ್ನೊಂದಕ್ಕೆ ಊಟ ಮಾಡಿ ಹಾಗೇ ಮಲಗುವುದು ಬೇಡ. ಹುಳಿತೇಗು ಗಂಟಲವರೆಗೆ ಬಂದು, ಬೆಳಿಗ್ಗೆ ಎದ್ದರೆ ದನಿ ಒರಟಾಗಿರುತ್ತದೆ. ಕಫ ಅಡರಿದಂತಾದಾಗ ಖ್ಯಾಕರಿಸುವ ಬದಲು ಒಂದು ಗುಟುಕು ನೀರು ನುಂಗು.

ಎರಡು ಬ್ಯಾಚುಗಳ ನಡುವೆ ಒಂದು ಕೆಲಸ ಮಾಡು. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಅದ್ದಿ, ಗುಳ್ಳೆ ಏಳುವಂತೆ ಊದುತ್ತಲೇ ಸ್ವರ ಎತ್ತು. ಮಂದ್ರ ಪಂಚಮದಿಂದ ಮೆಲ್ಲನೆ ಜಾರುತ್ತ ಮೇಲೆ ಹೋಗಿ ಇಳಿ. ಐದು ನಿಮಿಷ ಸಾಕು. ತುಟಿಯ ಬಳಿ ದಾರಿ ಕಿರಿದಾದ್ದರಿಂದ ಒಳಗೆ ಹಿಂದೊತ್ತಡ ಹುಟ್ಟಿ ತಂತುಗಳು ಮೆತ್ತಗೆ ತಾಗುತ್ತವೆ. ಧ್ವನಿ ವಿಜ್ಞಾನಿ ಇಂಗೋ ಟಿಟ್ಜೆ ಇದನ್ನು ಲೋಕಕ್ಕೆಲ್ಲ ಹೇಳಿಕೊಟ್ಟರು. ಬಾಯಿ ಮುಚ್ಚಿ ಮ್‌ಕಾರದಲ್ಲಿ ಮಂದ್ರ ಸಾಧನೆ ಮಾಡಿಸುತ್ತಿದ್ದ ನಮ್ಮ ಹಿರಿಯರ ಪದ್ಧತಿಯೂ ಇದಕ್ಕೆ ದೂರದ್ದಲ್ಲ.

ದನಿ ಒಡಕು ಎರಡು ಮೂರು ವಾರ ದಾಟಿದರೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಲೇಬೇಕು. ನಿನ್ನದು ದಾಟಿದೆ. ಹಾಡುತ್ತಿದ್ದಂತೆ ದನಿ ಥಟ್ಟನೆ ನಿಂತರೆ ತಂತುವಿನಲ್ಲಿ ರಕ್ತ ಚಿಮ್ಮಿರಬಹುದು. ಆಗ ಕಚೇರಿ ಅರ್ಧಕ್ಕೆ ನಿಲ್ಲಿಸಿದರೂ ಸರಿ, ಮಾತೂ ಆಡದೆ ವೈದ್ಯರ ಹತ್ತಿರ ಹೋಗಬೇಕು. ಗಂಟಲು ನೋವೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಿ ವೇದಿಕೆ ಹತ್ತಬೇಡ, ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದನಿಯ ತೊಂದರೆಗೆ ಪರೀಕ್ಷೆ, ಚಿಕಿತ್ಸೆ ಎರಡೂ ಅಲ್ಲಿವೆ. ಗಂಟು ಎಂದರೆ ಆಪರೇಷನ್ನೇ ಎಂದು ಹೆದರಬೇಡ, ಹೆಚ್ಚಿನವು ಧ್ವನಿ ಚಿಕಿತ್ಸೆಗೇ ಇಳಿಯುತ್ತವೆ.

ಈ ವಾರವೇ ಹೋಗು. ಹೋಗುವಾಗ ದಿನಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಸಾಧಕ, ಯಾವ ಶ್ರುತಿ, ಯಾವ ಸ್ವರದಲ್ಲಿ ಗಾಳಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಸ್ಟ್ರೋಬೋಸ್ಕೋಪಿ ಮಾಡುತ್ತಾರೆಯೇ ಎಂದು ಕೇಳು, ತಂತುಗಳ ಕಂಪನ ಅದರಲ್ಲಿ ನಿಧಾನಗತಿಯಲ್ಲಿ ಕಾಣುತ್ತದೆ. ಆ ವಿಡಿಯೋ ಕೇಳಿ ಪಡೆದು ಇಟ್ಟುಕೋ. ವಾಸಿಯಾದ ಮೇಲೆ ಇನ್ನೊಮ್ಮೆ ಮಾಡಿಸು, ಮುಂದೆ ಯಾವಾಗಲಾದರೂ ತೊಂದರೆಯಾದರೆ ಹೋಲಿಸಿ ನೋಡಲು ವೈದ್ಯರಿಗೆ ಅದು ಬೇಕಾಗುತ್ತದೆ. ಕಚೇರಿ ಏರ್ಪಡಿಸಿರುವವರಿಗೆ ಪರೀಕ್ಷೆ ಮುಗಿದ ಮೇಲೆ ಖಚಿತ ಹೇಳುತ್ತೇನೆ ಎಂದು ಇವತ್ತೇ ಫೋನ್ ಮಾಡಿಬಿಡು.

ಇಂತಿ,
ನಿನ್ನ ಟೀಚರ್