ನಂಬಿ ನೀರಿಗಿಳಿಯುವವರಿಗೆ

ಮಗುವಾಗಿದ್ದಾಗ ಮನೆಯವರು ಮಾಡಿಸುವ ದೀಕ್ಷಾಸ್ನಾನ ಬೇರೆ, ತಿಳಿವಳಿಕೆ ಬಂದ ಮೇಲೆ ತಾವೇ ಕೇಳಿ ಪಡೆಯುವುದು ಬೇರೆ. ಬ್ಯಾಪ್ಟಿಸ್ಟ್, ಬ್ರದರನ್, ಪೆಂತೆಕೊಸ್ತ್ ಸಭೆಗಳು ಹಿಡಿದಿರುವುದು ಎರಡನೆಯದನ್ನು: ಮೊದಲು ನಂಬಿಕೆ, ಆಮೇಲೆ ನೀರು. ಈ ಕ್ರಮಕ್ಕಾಗಿ ಪ್ರಾಣ ಕೊಟ್ಟವರಿದ್ದಾರೆ. 1525ರ ಜನವರಿಯಲ್ಲಿ ಜ್ಯೂರಿಕ್‌ನ ಒಂದು ಕೂಟದಲ್ಲಿ ಕೆಲವರು ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಪಡೆದರು. ಆ ಬಳಗದ ಫೆಲಿಕ್ಸ್ ಮಾನ್ಸ್‌ನನ್ನು 1527ರಲ್ಲಿ ನಗರದ ಆಡಳಿತ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ಅಷ್ಟು ಬೆಲೆ ತೆತ್ತು ಉಳಿಸಿಕೊಂಡದ್ದನ್ನು ಅವಸರದಲ್ಲಿ ಮುಗಿಸಬೇಡಿ.

ಹಂತ 1: ಓದಿ, ಅರ್ಥ ಮಾಡಿಕೊಳ್ಳಿ

ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಿಂದ ಶುರುಮಾಡಿ. ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿದ್ದಾನೆ. ಫಿಲಿಪ್ಪ ಅದರ ಅರ್ಥ ಬಿಡಿಸಿ ಹೇಳುತ್ತಾನೆ. ದಾರಿಯಲ್ಲಿ ನೀರು ಕಂಡಾಗ ಸ್ನಾನ ಬೇಕೆಂದು ಕೇಳುವವನು ಅಧಿಕಾರಿಯೇ. ಬಳಿಕ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಓದಿ. ಮುಳುಗುವುದೆಂದರೆ ಕ್ರಿಸ್ತನೊಂದಿಗೆ ಸತ್ತು ಹೂಣಲ್ಪಡುವುದು, ಮೇಲೇಳುವುದೆಂದರೆ ಆತನೊಂದಿಗೆ ಹೊಸ ಜೀವಕ್ಕೆ ಬರುವುದು. ಬ್ಯಾಪ್ಟಿಸ್ಟರ ಬೋಧನೆಯಲ್ಲಿ ರಕ್ಷಣೆ ಕೊಡುವುದು ಕೃಪೆ, ನೀರಲ್ಲ. ಒಳಗೆ ಆಗಲೇ ನಡೆದದ್ದಕ್ಕೆ ನೀರು ಸಾಕ್ಷಿ ಹೇಳುತ್ತದೆ.

ಹಂತ 2: ನಿಮ್ಮನ್ನೇ ಕೇಳಿಕೊಳ್ಳಿ

ಇದೇ ಎಲ್ಲಕ್ಕಿಂತ ಕಷ್ಟದ ಹಂತ. ಮದುವೆಗೆ ಸಭೆಯ ಪತ್ರ ಬೇಕೆಂದು, ಜೊತೆಯವರೆಲ್ಲ ತೆಗೆದುಕೊಳ್ಳುತ್ತಿದ್ದಾರೆಂದು, ಅಪ್ಪ ಅಮ್ಮ ಬಯಸುತ್ತಾರೆಂದು ಹೊರಟಿದ್ದರೆ ದಯವಿಟ್ಟು ಕಾಯಿರಿ. ಪಾಪದಿಂದ ತಿರುಗಿಕೊಳ್ಳಬೇಕೆಂಬ ಮನಸ್ಸು ಬಂದಿದೆಯೇ? ಯೇಸುವೇ ಕರ್ತನೆಂದು ಯಾರೂ ಹೇಳಿಕೊಡದೆ ನೀವೇ ಹೇಳಬಲ್ಲಿರಾ? ಕ್ರೈಸ್ತ ಮನೆಯಲ್ಲಿ ಹುಟ್ಟಿದವರಿಗೂ ಈ ಪ್ರಶ್ನೆ ತಪ್ಪದು. 1800ರ ಡಿಸೆಂಬರ್ 28ರಂದು ಸೆರಾಂಪುರದ ಹೂಗ್ಲಿ ನದಿಯಲ್ಲಿ ಮಿಷನರಿ ವಿಲಿಯಂ ಕೇರಿ ಅವರು ಬಂಗಾಳಿ ಬಡಗಿ ಕೃಷ್ಣ ಪಾಲ್‌ಗೆ ದೀಕ್ಷಾಸ್ನಾನ ಕೊಟ್ಟದ್ದು ಎಲ್ಲರಿಗೂ ನೆನಪಿರುತ್ತದೆ. ಅದೇ ದಿನ ಅದೇ ನೀರಿಗೆ ಕೇರಿಯವರ ಮಗ ಫೆಲಿಕ್ಸ್ ಕೂಡ ಇಳಿದಿದ್ದ. ಮಿಷನರಿಯ ಮಗನೆಂಬುದು ಅವನ ನಂಬಿಕೆಯ ಬದಲಿಗೆ ನಿಲ್ಲಲಿಲ್ಲ. ನನಗೆ ಆ ದಿನದ ಅತಿ ದೊಡ್ಡ ಪಾಠ ಇದೇ.

ಹಂತ 3: ಪಾಸ್ಟರ ಹತ್ತಿರ ಮಾತಾಡಿ

ಅನೇಕ ಸಭೆಗಳಲ್ಲಿ ಮೊದಲು ಕೆಲವು ಪಾಠಗಳಿರುತ್ತವೆ. ಅನುಮಾನಗಳನ್ನು ಅಲ್ಲೇ ಕೇಳಿ, ಮುಚ್ಚಿಡಬೇಡಿ. ಚಿಕ್ಕಂದಿನಲ್ಲೇ ಸಿಎಸ್‌ಐ ಅಥವಾ ಕಥೋಲಿಕ ಸಭೆಯಲ್ಲಿ ಸ್ನಾನವಾಗಿದ್ದರೆ ಅದನ್ನೂ ಹೇಳಿ. ಆ ಸಭೆಗಳು ಎರಡನೇ ಸ್ನಾನವನ್ನು ಒಪ್ಪುವುದಿಲ್ಲ. ಮನೆಯ ಹಿರಿಯರಿಗೆ ನೋವಾಗಬಹುದು. ಅವರಿಗೆ ನೀವೇ ಗೌರವದಿಂದ ತಿಳಿಸಿ, ಬೇರೆಯವರ ಬಾಯಿಂದ ಕೇಳುವಂತಾಗಬಾರದು.

ಹಂತ 4: ಸಾಕ್ಷಿ ಸಿದ್ಧಮಾಡಿಕೊಳ್ಳಿ

ಮೂರು ನಿಮಿಷ ಸಾಕು. ಮೊದಲು ಹೇಗಿದ್ದಿರಿ, ಯೇಸುವನ್ನು ಹೇಗೆ ನಂಬಿದಿರಿ, ಈಗ ಏನು ಬದಲಾಗಿದೆ. ದೊಡ್ಡ ಪವಾಡ ನಡೆದಿರಬೇಕೆಂದೇನಿಲ್ಲ.

ಹಂತ 5: ಆ ದಿನ

ದಪ್ಪ ಹತ್ತಿ ಬಟ್ಟೆ ಹಾಕಿಕೊಳ್ಳಿ. ತೆಳು ಬಿಳಿ ಬಟ್ಟೆ ನೆನೆದರೆ ಮೈಗಂಟಿ ಮುಜುಗರವಾಗುತ್ತದೆ. ಟವೆಲ್, ಇನ್ನೊಂದು ಜೊತೆ ಬಟ್ಟೆ ಇರಲಿ. ಹೃದಯದ ತೊಂದರೆ, ಮೂರ್ಛೆ ರೋಗ, ನೀರಿನ ಭಯ ಇದ್ದರೆ ಮೊದಲೇ ತಿಳಿಸಿ, ಮುಳುಗಲು ಆಗದಿದ್ದರೆ ಬೇರೆ ದಾರಿ ಇದೆಯೇ ಎಂದು ಕೇಳಿ. ಆದಿಸಭೆಯ ಕೈಪಿಡಿಯಾದ ‘ದಿದಾಖೆ’ ಕೂಡ ಹರಿಯುವ ನೀರು ಸಿಗದಿದ್ದರೆ ಬೇರೆ ನೀರು, ಅದೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯುವುದು ಎಂದು ದಾರಿ ಬಿಟ್ಟಿದೆ. ಹೊಳೆಯಾದರೆ ಈಜು ಬಲ್ಲವರು ಮೊದಲಿಳಿದು ಆಳ, ಸೆಳೆತ ನೋಡಲಿ.

ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಿ, ಕೈಗಳನ್ನು ಎದೆಯ ಮೇಲಿಡಿ. ನಂಬುತ್ತೀರಾ ಎಂದು ಪಾಸ್ಟರು ಕೇಳಿದಾಗ ಎಲ್ಲರಿಗೂ ಕೇಳುವಂತೆ ಉತ್ತರಿಸಿ. ತಂದೆ, ಮಗ, ಪವಿತ್ರಾತ್ಮನ ಹೆಸರು ಹೇಳುವಾಗ ಉಸಿರು ಬಿಗಿಹಿಡಿದು, ಮೊಣಕಾಲು ಸ್ವಲ್ಪ ಮಡಿಸಿ, ಹಿಂದಕ್ಕೆ ವಾಲಿ. ಉಳಿದದ್ದು ಅವರ ತೋಳಿಗೆ ಬಿಡಿ.

ಹಂತ 6: ಮರುವಾರ

ಕರ್ತನ ಭೋಜನದಲ್ಲಿ ಕೂಡಿ. ವಾರಕ್ಕೊಮ್ಮೆ ಜೊತೆಯಲ್ಲಿ ಕೂತು ಬೈಬಲ್ ಓದಲು ಸಭೆಯ ಹಿರಿಯ ವಿಶ್ವಾಸಿಯೊಬ್ಬರನ್ನು ಕೇಳಿಕೊಳ್ಳಿ. ಮಾರ್ಕನ ಸುವಾರ್ತೆಯಿಂದ ಆರಂಭಿಸಿದರೆ ಸುಲಭ.