ಕೊಟೇಶನ್‌ನಲ್ಲಿ ಇಲ್ಲದ ಕಾಲಂ

ಗೇಮಿಂಗ್ ಕಂಪ್ಯೂಟರಿಗೆ ದುಡ್ಡು ಹೊಂದಿಸುವವರು ಸಾಮಾನ್ಯವಾಗಿ ಬಿಡಿಭಾಗಗಳ ಪಟ್ಟಿ ಬರೆಯುತ್ತಾರೆ, ಪ್ರತಿಯೊಂದೂ ಎಲ್ಲಿ ಕಡಿಮೆಗೆ ಸಿಗುತ್ತದೆ ಎಂದು ಹುಡುಕುತ್ತಾರೆ, ಕೊನೆಗೆ ಕೂಡುತ್ತಾರೆ. ದಿನಸಿ ಚೀಟಿಗೆ ಈ ಲೆಕ್ಕ ಸರಿ. ಅಕ್ಕಿ ಅಗ್ಗಕ್ಕೆ ಸಿಕ್ಕಿತೆಂದು ಬೇಳೆಯ ಖರ್ಚು ಏರುವುದಿಲ್ಲ. ಕಂಪ್ಯೂಟರಿನಲ್ಲಿ ಏರುತ್ತದೆ. ಇಲ್ಲಿ ಪ್ರತಿ ಭಾಗಕ್ಕೂ ಎರಡು ಬೆಲೆ: ಅಂಗಡಿಯವರು ಹೇಳುವುದು ಒಂದು, ಆ ಭಾಗ ತನ್ನ ಹಿಂದೆ ಎಳೆದು ತರುವ ಖರ್ಚು ಇನ್ನೊಂದು.

2024ರಲ್ಲಿ ಅಕ್ಕನ ಮಗ ಎಂಜಿನಿಯರಿಂಗ್ ಸೇರಿದಾಗ ಅವನ ಮೊದಲ ಕಂಪ್ಯೂಟರಿನ ಜವಾಬ್ದಾರಿ ನನ್ನ ಪಾಲಿಗೆ ಬಂತು. ಮಾನಿಟರ್ ಸೇರಿ 65 ಸಾವಿರ ರೂಪಾಯಿ ಮಿತಿ. ಓದಿಗೂ ಆಗಬೇಕು, ಆಟವೂ ಓಡಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೊದಲು ಹೊಕ್ಕ ಅಂಗಡಿಯಲ್ಲೇ ಆಸೆ ಹುಟ್ಟಿಸುವ ಕೊಟೇಶನ್ ಸಿಕ್ಕಿತು: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಬಣ್ಣದ ದೀಪಗಳ ಕ್ಯಾಬಿನೆಟ್, ಎಲ್ಲ ಸೇರಿ 28 ಸಾವಿರ.

‘ಮಾಮ, ಅರ್ಧಕ್ಕಿಂತ ಕಮ್ಮಿ!’ ಎಂದ ಹುಡುಗ.

‘ಯಾವ ಜನರೇಶನ್ ಅಂತ ಕೇಳು’ ಎಂದೆ.

‘ಥರ್ಡ್ ಜನರೇಶನ್. ಆದ್ರೆ ಐ7 ಅಂದ್ರೆ ಐ7ನೇ ಸರ್’ ಎಂದರು ಅಂಗಡಿಯವರು.

ಥರ್ಡ್ ಜನರೇಶನ್ ಅಂದರೆ 2012ರ ಸರಕು. ಅದಕ್ಕೆ ಹೊಂದುವುದು ಡಿಡಿಆರ್3 ರ‍್ಯಾಮ್. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ 8ನೇ ಜನರೇಶನ್‌ನಿಂದೀಚೆಗಿನ ಪ್ರೊಸೆಸರುಗಳನ್ನು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದು ಆಗಲೇ ನಿಗದಿಯಾಗಿತ್ತು. ಹುಡುಗರು ಮುಗಿಬೀಳುವ ವ್ಯಾಲರಂಟ್ ಆಟ, ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳಿಲ್ಲದೆ ಓಡುವುದಿಲ್ಲ. ಮುಂದೆ ಪ್ರೊಸೆಸರ್ ಬದಲಿಸೋಣವೆಂದರೆ ಬೋರ್ಡ್ ಹೋಗಬೇಕು, ಬೋರ್ಡ್ ಹೋದರೆ ರ‍್ಯಾಮೂ ಹೋಗಬೇಕು. ಉಳಿಯುವುದು ದೀಪಗಳ ಡಬ್ಬ. ಹೀಗಾಗಿ ಆ 28 ಸಾವಿರ ಅಗ್ಗದ ಕಂಪ್ಯೂಟರಿನ ಬೆಲೆಯಾಗಿರಲಿಲ್ಲ, ಮತ್ತೊಂದು ಕಂಪ್ಯೂಟರ್ ಕೊಳ್ಳುವವರೆಗಿನ ಬಾಡಿಗೆಯಾಗಿತ್ತು.

ಹಾಗಾದರೆ ಎಲ್ಲಿಂದ ಶುರುಮಾಡಬೇಕು? ನಾವು ಮಾನಿಟರ್‌ನಿಂದ ಶುರುಮಾಡಿದೆವು. 24 ಇಂಚಿನ, 1080ಪಿ ಮಾನಿಟರ್ ಸಾಕು ಎಂದು ತೀರ್ಮಾನಿಸಿದ ಕೂಡಲೇ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಸುರಿಯಬೇಕೆಂಬ ಪ್ರಶ್ನೆಗೆ ಮಿತಿ ಸಿಕ್ಕಿತು. ಆ ಅಳತೆಗೆ 8 ಜಿಬಿಯ ಆರ್‌ಎಕ್ಸ್ 6600 ಒಪ್ಪುತ್ತಿತ್ತು.

ಅದಕ್ಕಿಂತ ಅಗ್ಗದ ಆರ್‌ಎಕ್ಸ್ 6500 ಎಕ್ಸ್‌ಟಿ ಕೂಡ ಪಟ್ಟಿಯಲ್ಲಿತ್ತು. ಎರಡನೆಯ ಬೆಲೆ ಅಡಗಿರುವುದು ಇಂಥಲ್ಲೇ. ಆ ಕಾರ್ಡ್ ಮದರ್‌ಬೋರ್ಡಿನೊಡನೆ ಮಾತಾಡುವುದು ಕೇವಲ 4 ಲೇನ್‌ಗಳಲ್ಲಿ. ಈ ಲೇನ್‌ಗಳು ಪಿಸಿಐಇ 4.0 ವೇಗದವಾಗಿರುವ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ಎ520, ಬಿ450ಯಂಥ ಅಗ್ಗದ ಬೋರ್ಡುಗಳಲ್ಲಿರುವುದು ಪಿಸಿಐಇ 3.0, ಅಲ್ಲಿ ಆ ಹಾದಿಯ ಅಗಲ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಕಾರ್ಡಿನ 4 ಜಿಬಿ ಮೆಮೊರಿ ತುಂಬಿದಾಗ ಆಟ ತಡವರಿಸುತ್ತದೆ. ಅಗ್ಗದ ಕಾರ್ಡನ್ನು ಅಗ್ಗದ ಬೋರ್ಡಿಗೆ ಸಿಕ್ಕಿಸಿದರೆ ಎರಡಕ್ಕೂ ಕೊಟ್ಟ ದುಡ್ಡಿನಲ್ಲಿ ಒಂದಷ್ಟು ವ್ಯರ್ಥ. ಆರ್‌ಎಕ್ಸ್ 6600ಕ್ಕೆ 8 ಲೇನ್‌ಗಳಿರುವುದರಿಂದ ಹಳೆಯ ಬೋರ್ಡಿನಲ್ಲೂ ಅಷ್ಟು ಸೊರಗುವುದಿಲ್ಲ.

ಪ್ರೊಸೆಸರ್, ಬೋರ್ಡ್, ರ‍್ಯಾಮ್ ಈ ಮೂರನ್ನು ಒಟ್ಟಿಗೇ ಆರಿಸಬೇಕು. ಎಎಂಡಿಯ ಹೊಸ ಎಎಂ5 ಸಾಕೆಟ್ಟಿಗೆ ಹೋದರೆ ಡಿಡಿಆರ್5 ರ‍್ಯಾಮ್ ಕಡ್ಡಾಯ, ಬೋರ್ಡಿನ ಬೆಲೆಯೂ ಮೇಲೆ. ನಾವು ಹಳೆಯ ಎಎಂ4ರಲ್ಲೇ ನಿಂತು ರೈಜನ್ 5 5600 ಆರಿಸಿದೆವು: 6 ಕೋರ್, 65 ವ್ಯಾಟ್, ಡಬ್ಬದೊಳಗೇ ಕೂಲರ್. ಕೂಲರಿನ ಖರ್ಚು ಅಲ್ಲೇ ಉಳಿಯಿತು. ಬಿ450 ಬೋರ್ಡಿನ ಹಳೆಯ ಸ್ಟಾಕ್ ಆಗಿದ್ದರೆ ಬಯಾಸ್ ಅಪ್‌ಡೇಟ್ ಆಗದೆ ಈ ಪ್ರೊಸೆಸರನ್ನು ಗುರುತಿಸದಿರಬಹುದು. ಆದ್ದರಿಂದ ಬಿ550 ತೆಗೆದುಕೊಂಡೆವು. ನಾಳೆ ಹುಡುಗ ಸಂಪಾದಿಸತೊಡಗಿದ ಮೇಲೆ ಇದೇ ಬೋರ್ಡಿಗೆ ರೈಜನ್ 7 5700ಎಕ್ಸ್3ಡಿಯಂಥದನ್ನು ಕೂರಿಸಬಹುದು. ಇಂಟೆಲ್ ಕಡೆ ಹೋಗುವವರು ಬೋರ್ಡಿನ ಡಬ್ಬ ತಿರುಗಿಸಿ ನೋಡಬೇಕು. 12ನೇ ಜನರೇಶನ್‌ಗೆ ಡಿಡಿಆರ್4 ಬೋರ್ಡೂ ಉಂಟು, ಡಿಡಿಆರ್5 ಬೋರ್ಡೂ ಉಂಟು. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ.

ಹೆಸರಿನ ಕೊನೆಯ ಒಂದಕ್ಷರಕ್ಕೂ ದುಡ್ಡಿನ ಬೆಲೆಯಿದೆ. ಇಂಟೆಲ್‌ನ ‘ಎಫ್’ ಪ್ರೊಸೆಸರುಗಳಲ್ಲೂ ರೈಜನ್ 5 5600ರಲ್ಲೂ ಒಳಗಿನ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕುವವರೆಗೆ ಪರದೆಯಲ್ಲಿ ಏನೂ ಮೂಡದು. ಒಮ್ಮೆಗೇ ಅಷ್ಟು ದುಡ್ಡು ಕೂಡದವರು 5600ಜಿ ತೆಗೆದುಕೊಂಡು, ಹಗುರ ಆಟಗಳಲ್ಲಿ ವರ್ಷ ಕಳೆದು, ಕಾರ್ಡನ್ನು ಆಮೇಲೆ ಕೊಳ್ಳಬಹುದು. ಸಾಲದ ಕಂತಿಗಿಂತ ಇದು ವಾಸಿ.

ಕ್ಯಾಬಿನೆಟ್ ಜೊತೆ ‘500 ವ್ಯಾಟ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬ) ಫ್ರೀ’ ಎಂದರೆ ನಾನು ಹುಷಾರಾಗುತ್ತೇನೆ. ಆರ್‌ಎಕ್ಸ್ 6600 ಉಣ್ಣುವುದು 132 ವ್ಯಾಟ್. ಪ್ರೊಸೆಸರ್, ಫ್ಯಾನ್, ಡ್ರೈವ್ ಎಲ್ಲ ಕೂಡಿದರೂ ಒಳ್ಳೆಯ 550 ವ್ಯಾಟ್‌ನದು ಧಾರಾಳ, 750 ವ್ಯಾಟ್‌ನದಕ್ಕೆ ದುಡ್ಡು ಹಾಕಬೇಕಿಲ್ಲ. ಆದರೆ ಪುಕ್ಕಟೆಯ ಡಬ್ಬದ ಮೇಲೆ ಬರೆದ 500 ನಂಬುವಂಥದಲ್ಲ. ಕಾರ್ಡಿಗೆ ಬೇಕಾದ 8 ಪಿನ್ ವೈರೂ ಅದರಲ್ಲಿ ಎಷ್ಟೋ ಸಲ ಇರುವುದಿಲ್ಲ. ಅದು ಸುಟ್ಟರೆ ಕಾರ್ಡ್, ಬೋರ್ಡುಗಳನ್ನೂ ಜೊತೆಗೆ ಕೊಂಡೊಯ್ಯಬಹುದು. 4,200 ರೂಪಾಯಿಯ ಎಸ್‌ಎಂಪಿಎಸ್ಸನ್ನು ನಾನು ಉಳಿದೆಲ್ಲದರ ವಿಮೆಯ ಕಂತು ಎಂದೇ ಬರೆದುಕೊಂಡೆ.

ಕೊನೆಯ ಲೆಕ್ಕ ಹೀಗಿತ್ತು: ಪ್ರೊಸೆಸರ್ 11,000, ಬೋರ್ಡ್ 9,000, 8 ಜಿಬಿಯ ಎರಡು ರ‍್ಯಾಮ್ ಸೇರಿ 3,500, ಕಾರ್ಡ್ 20,500, 500 ಜಿಬಿ ಎಸ್‌ಎಸ್‌ಡಿ 3,200, ಎಸ್‌ಎಂಪಿಎಸ್ 4,200, ಕ್ಯಾಬಿನೆಟ್ 3,000, ಮಾನಿಟರ್ 10,000. ಒಟ್ಟು 64,400 ರೂಪಾಯಿ. 16 ಜಿಬಿಯ ಒಂದೇ ರ‍್ಯಾಮ್ ಬದಲು ಎರಡು ಕೊಂಡದ್ದು ಡ್ಯುಯಲ್ ಚಾನೆಲ್ ವೇಗಕ್ಕಾಗಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಿದರಷ್ಟೇ ರ‍್ಯಾಮ್ ತನ್ನ ಪೂರ್ಣ ವೇಗಕ್ಕೆ ಬರುತ್ತದೆ. ಅದಕ್ಕೆ ಖರ್ಚಿಲ್ಲ.

ಒಂದು ಅಂಗಡಿಯಲ್ಲಿ ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯತ್ತೆ ಸರ್’ ಎಂದರು. 18% ಚಿಕ್ಕ ಮೊತ್ತವಲ್ಲ, ನಿಜ. ಆದರೆ ವರ್ಷಗಟ್ಟಲೆಯ ವಾರಂಟಿ ಕೇಳಲು ಹೋದಾಗ ಕೈಯಲ್ಲಿರಬೇಕಾದದ್ದು ಸೀರಿಯಲ್ ನಂಬರ್ ಬರೆದ ಆ ಬಿಲ್ಲೇ.

ನನ್ನ ಅಂಕಿಗಳನ್ನು ಈಗ ಹಾಗೇ ನಕಲು ಮಾಡಬೇಡಿ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಜಿಗಿದಿದೆ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಡಿಡಿಆರ್4 ರ‍್ಯಾಮ್ ಇದ್ದರೆ, ಅದಕ್ಕೆ ಒಪ್ಪುವ ಬೋರ್ಡ್ ಹುಡುಕುವುದೇ ಇಂದು ದೊಡ್ಡ ಉಳಿತಾಯ. ಅಂಗಡಿಯ ಕೊಟೇಶನ್ ಕೈಗೆ ಬಂದಾಗ ಬೆಲೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಹೊಸ ಕಾಲಂ ಮಾಡಿ: ‘ಇದನ್ನು ಕೊಂಡರೆ ಇನ್ನೇನು ಕೊಳ್ಳಬೇಕಾಗುತ್ತದೆ? ಮುಂದೆ ಇದರಲ್ಲಿ ಏನು ಉಳಿಯುತ್ತದೆ?’ ಆ ಕಾಲಂ ತುಂಬಿದ ಮೇಲೆ ಕೂಡಿ ನೋಡಿ. ಯಾವುದು ಅಗ್ಗ ಎಂಬುದು ಆಗ ಗೊತ್ತಾಗುತ್ತದೆ.