ಯೋಧರಿಗೆ ಶಾಲು ಹೊದಿಸಿದರೆ ಸಾಲದು



ಪ್ರತಿ ವರ್ಷ ಆಗಸ್ಟ್ 15ರಂದು ಧ್ವಜಾರೋಹಣವಾದ ಮೇಲೆ ರಾಯದುರ್ಗ, ಮಡಕಶಿರಾ ಭಾಗದ ಮಾಜಿ ಸೈನಿಕರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ ಗೌರವಿಸುವುದು ಶ್ರೀಮಠದಲ್ಲಿ ನಡೆದುಬಂದ ಪದ್ಧತಿ. ಇದು ಒಳ್ಳೆಯ ಪದ್ಧತಿಯೇ. ಆದರೆ ಇಷ್ಟರಿಂದಲೇ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆವು. ಅದು ನಮ್ಮ ತಪ್ಪು ಎಂಬುದನ್ನು ಒಬ್ಬ ತಾಯಿ ನಮಗೆ ಕಲಿಸಿಕೊಟ್ಟರು.

ರಾಯದುರ್ಗದ ಕಡೆಯ ಒಂದು ಹಳ್ಳಿಯ ಆ ತಾಯಿಯ ಪತಿ 17 ವರ್ಷ ಸೈನ್ಯದಲ್ಲಿದ್ದು, ಊರಿಗೆ ಬಂದು ಕಡ್ಲೆಕಾಯಿ ಬೇಸಾಯ ಮಾಡಿಕೊಂಡಿದ್ದವರು. ನಮ್ಮ ವೇದಿಕೆಯಲ್ಲಿ ಎರಡು ಸಲ ಶಾಲು ಹೊದಿಸಿಕೊಂಡಿದ್ದವರು. ಅವರು ಲಿಂಗೈಕ್ಯರಾದ ಎಂಟು ತಿಂಗಳ ಮೇಲೆ ಆ ತಾಯಿ ಒಂದು ಚೀಲದ ತುಂಬ ಕಾಗದ ತಂದು ನಮ್ಮ ಮುಂದಿಟ್ಟು, "ಇದರಲ್ಲಿ ಏನೈತೋ ನೋಡಿ ಹೇಳಪ್ಪಾ, ಒಂದು ಪೈಸೆ ಬಂದಿಲ್ಲ" ಎಂದರು. ನೋಡಿದರೆ ಪಿಂಚಣಿ ಆದೇಶದಲ್ಲಿ ಅವರ ಮನೆಯ ಹೆಸರು, ಆಧಾರ್ ಚೀಟಿಯಲ್ಲಿ ಬೇರೆ ಹೆಸರು. ಇಬ್ಬರೂ ಒಬ್ಬರೇ ಎನ್ನುವುದಕ್ಕೆ ದಾಖಲೆ ಇರಲಿಲ್ಲ. ಮಳೆಯಿಲ್ಲದ ವರ್ಷ, ಅಂಗಡಿಯ ಸಾಲ ಬೇರೆ. ಪ್ರಮಾಣಪತ್ರ ಮಾಡಿಸಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಕಳುಹಿಸಿ, ಕೊನೆಗೆ ಬಾಕಿ ಸಮೇತ ಹಣ ಬಂದಿತು. ಆದರೆ ಆ ಯೋಧರು ಬದುಕಿದ್ದಾಗಲೇ ನಾವು ಒಂದು ಸಲ ಅವರ ಕಾಗದ ನೋಡಿದ್ದರೆ ಆ ತಾಯಿಗೆ ಅಷ್ಟು ತಿಂಗಳ ಕಷ್ಟ ಬರುತ್ತಿರಲಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಪ್ರತಿಯೊಂದು ಮನೆಯವರೂ ತಿಳಿದಿರತಕ್ಕ ಕೆಲವು ವಿಷಯಗಳನ್ನು ಬರೆಯುತ್ತಿದ್ದೇವೆ.

ನೆನೆಯುವ ದಿನಗಳು

ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಸೇನಾ ದಿನ. ಅವರು 1953ರ ಜನವರಿ 14ರಂದು ನಿವೃತ್ತರಾದ ನೆನಪಿಗೆ ಆ ದಿನವನ್ನು ಮಾಜಿ ಯೋಧರ ದಿನವಾಗಿ ಆಚರಿಸುತ್ತಾರೆ. ಸಂಕ್ರಾಂತಿಯ ಸುಗ್ಗಿಯ ಹೊತ್ತಿಗೇ ಈ ದಿನ ಬರುವುದು ನಮ್ಮ ರೈತರಿಗೆ ನೆನಪಿಡಲು ಸುಲಭ. ಡಿಸೆಂಬರ್ 7 ಧ್ವಜ ದಿನ. ಇದು 1949ರಿಂದ ನಡೆದುಬಂದಿದೆ. ಆ ದಿನ ಚಿಕ್ಕ ಧ್ವಜ ಕೊಟ್ಟು ಸಂಗ್ರಹಿಸುವ ಹಣ ಯೋಧರ ಮತ್ತು ಅವರ ಕುಟುಂಬದವರ ಕಲ್ಯಾಣಕ್ಕೇ ಹೋಗುತ್ತದೆ. ನಮ್ಮ ವರ್ತಕ ಬಾಂಧವರು ಇದನ್ನು ದಾಸೋಹವೆಂದೇ ತಿಳಿದು ಕೈಲಾದಷ್ಟು ಕೊಡತಕ್ಕದ್ದು.

ಪಿಂಚಣಿ ಇರುವವರಿಗೆ

ಜವಾನರಾಗಿ ಸೇರಿದವರಿಗೆ ಸಾಮಾನ್ಯವಾಗಿ 15 ವರ್ಷ ಸೇವೆಯಾದರೆ ಪಿಂಚಣಿ ಉಂಟು. ಒಂದೇ ದರ್ಜೆಯಲ್ಲಿ ಅಷ್ಟೇ ವರ್ಷ ದುಡಿದವರಿಗೆ, ಅವರು ಯಾವಾಗ ನಿವೃತ್ತರಾದರೂ ಸಮಾನ ಪಿಂಚಣಿ ಎಂಬ ನಿಯಮ 2014ರ ಜುಲೈ 1ರಿಂದ ಜಾರಿಯಲ್ಲಿದೆ. ಐದು ವರ್ಷಕ್ಕೊಮ್ಮೆ ಅದನ್ನು ಸರಿಗಟ್ಟುತ್ತಾರೆ. 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಪರಿಷ್ಕರಣೆಯಾಯಿತು. ಹೆಚ್ಚಿನ ಮೊತ್ತ ತಮ್ಮ ಖಾತೆಗೆ ಜಮೆಯಾಗಿದೆಯೋ ಇಲ್ಲವೋ ಎಂದು ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಬೇಕು. ಅಂಗಡಿಯ ಖಾತೆ ಪುಸ್ತಕವನ್ನು ದಿನವೂ ನೋಡುವ ನಾವು ಪಿಂಚಣಿಯ ಲೆಕ್ಕವನ್ನು ವರ್ಷಕ್ಕೊಮ್ಮೆಯೂ ನೋಡುವುದಿಲ್ಲ.

ಈಗ ಪಿಂಚಣಿಯ ಲೆಕ್ಕವೆಲ್ಲ ಸ್ಪರ್ಶ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಹೊಲದ ಕೆಲಸದಲ್ಲಿ ಸವೆದ ಬೆರಳಿನ ಗುರುತು ಯಂತ್ರ ಹಿಡಿಯದಿದ್ದರೆ, ಮುಖ ತೋರಿಸಿ ಪ್ರಮಾಣ ಕೊಡುವ ಅನುಕೂಲವೂ ಮೊಬೈಲಿನಲ್ಲಿದೆ.

ವೈದ್ಯಕೀಯಕ್ಕೆ ಇ.ಸಿ.ಎಚ್.ಎಸ್. ಎಂಬ ಯೋಜನೆ 2003ರಿಂದ ಇದೆ. ಪಿಂಚಣಿದಾರರಿಗೂ ಅವರನ್ನು ಅವಲಂಬಿಸಿದ ಕುಟುಂಬದವರಿಗೂ ಇದರಲ್ಲಿ ಚಿಕಿತ್ಸೆ ದೊರೆಯುತ್ತದೆ. ಕಾಯಿಲೆ ಬಿದ್ದ ಮೇಲೆ ಕಾರ್ಡಿಗಾಗಿ ಓಡಾಡಬಾರದು, ಮೊದಲೇ ಮಾಡಿಸಿಟ್ಟುಕೊಳ್ಳಬೇಕು.

ಪಿಂಚಣಿ ಇಲ್ಲದವರಿಗೆ

ಸೇವೆ ಪೂರ್ತಿಯಾಗದೆ ಪಿಂಚಣಿಯಿಲ್ಲದೆ ಊರಿಗೆ ಬಂದ ಹಿರಿಯರುಂಟು. ತಮಗೆ ಏನೂ ಇಲ್ಲವೆಂದು ಇವರು ಸುಮ್ಮನಿದ್ದುಬಿಡುತ್ತಾರೆ. ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ, 65 ವರ್ಷ ದಾಟಿದ, ಪಿಂಚಣಿಯಿಲ್ಲದ ಬಡ ಮಾಜಿ ಸೈನಿಕರಿಗೂ ಅಂಥವರ ವಿಧವೆಯರಿಗೂ ಮಾಸಿಕ ಸಹಾಯಧನವಿದೆ. ಹಿಂದೆ ಇದು 4,000 ರೂಪಾಯಿ ಇತ್ತು. 2025ರ ಅಕ್ಟೋಬರಿನಲ್ಲಿ ರಕ್ಷಣಾ ಸಚಿವಾಲಯವು 8,000 ರೂಪಾಯಿಗೆ ಏರಿಸಿ, ನವೆಂಬರ್ 1ರಿಂದ ಬಂದ ಅರ್ಜಿಗಳಿಗೆ ಅನ್ವಯಿಸಿತು. ಅದೇ ಆದೇಶದಲ್ಲಿ ಇಬ್ಬರು ಮಕ್ಕಳವರೆಗೆ ಒಂದನೆಯ ತರಗತಿಯಿಂದ ಪದವಿಯವರೆಗೆ ಓದಿಗೆ ತಿಂಗಳಿಗೆ ತಲಾ 2,000 ರೂಪಾಯಿ, ಇಬ್ಬರು ಹೆಣ್ಣುಮಕ್ಕಳವರೆಗೆ ಮದುವೆಗೆ ತಲಾ 1 ಲಕ್ಷ ರೂಪಾಯಿ ಎಂದಾಯಿತು.

ವೃತ್ತಿಪರ ಕೋರ್ಸು ಸೇರಿದ ಮಾಜಿ ಸೈನಿಕರ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನವೂ ಇದೆ. ಹಿಂದಿನ ಪರೀಕ್ಷೆಯಲ್ಲಿ ಶೇ. 60 ಅಂಕ ಇರಬೇಕು. ಗಂಡುಮಕ್ಕಳಿಗೆ ತಿಂಗಳಿಗೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ.

ಅಗ್ನಿವೀರರ ವಿಷಯ

2025ರ ಮೇ 9ರಂದು ಗಡಿರೇಖೆಯಲ್ಲಿ ಪಾಕಿಸ್ತಾನದ ಗುಂಡಿನ ದಾಳಿಗೆ ಬಲಿಯಾದ ಮುರಳಿ ನಾಯಕ್ ನಮ್ಮ ಪಕ್ಕದ ಗೋರಂಟ್ಲ ಮಂಡಲದ ಕಲ್ಲಿ ತಾಂಡಾದ ಹುಡುಗ. ಅವರು ಅಗ್ನಿವೀರರಾಗಿ ಸೇರಿದವರು. ಆಂಧ್ರ ಸರ್ಕಾರ ಆ ಕುಟುಂಬಕ್ಕೆ 50 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಮಕ್ಕಳನ್ನು ಸೈನ್ಯಕ್ಕೆ ಕಳುಹಿಸುವ ತಂದೆತಾಯಿಗಳು ಒಂದು ವಿಷಯ ತಿಳಿದಿರಬೇಕು. 2022ರಲ್ಲಿ ಬಂದ ಆ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಕಾಯಂ ಆಗದವರಿಗೆ ಪಿಂಚಣಿಯ ಬದಲು ಒಟ್ಟು ಮೊತ್ತದ ಸೇವಾನಿಧಿ ಮಾತ್ರ. ಸೇವೆಯಲ್ಲಿರುವಾಗ ಮರಣವಾದರೆ 48 ಲಕ್ಷ ರೂಪಾಯಿಯ ವಿಮೆಯಿದೆ. ಮೇಲೆ ಹೇಳಿದ ಮಾಜಿ ಸೈನಿಕರ ಸೌಲಭ್ಯಗಳೆಲ್ಲ ಇವರಿಗೂ ಸಿಗುತ್ತವೆಂದು ಭಾವಿಸಬಾರದು. ಇದನ್ನು ಅರಿತು ಸೇರಲಿ. ಸೇವಾನಿಧಿ ಕೈಗೆ ಬಂದಾಗ ಮದುವೆ ಮುಂಜಿಗೆ ಕರಗಿಸದೆ ಒಂದು ಕಾಯಕಕ್ಕೆ ಬಂಡವಾಳ ಮಾಡಲಿ.

ಗಡಿಯವರು ಗಮನಿಸತಕ್ಕದ್ದು

1. ಕೇಂದ್ರದ ಸೌಲಭ್ಯ ಎಲ್ಲ ಕಡೆಯೂ ಒಂದೇ. ರಾಜ್ಯದ ಸೌಲಭ್ಯ ಆಯಾ ರಾಜ್ಯದ ನಿವಾಸಿಗಳಿಗೆ. ಬಳ್ಳಾರಿಗೋ ಪಾವಗಡಕ್ಕೋ ಮನೆ ಬದಲಿಸಿದವರು ಅಲ್ಲಿನ ಜಿಲ್ಲೆಗೆ ತಮ್ಮ ನೋಂದಣಿ ವರ್ಗಾಯಿಸಿಕೊಳ್ಳಬೇಕು.

2. 2022ರ ಏಪ್ರಿಲಿನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಅರ್ಜಿಯಲ್ಲಿ ಜಿಲ್ಲೆಯ ಹೆಸರು ಸರಿಯಾಗಿ ಬರೆಯಬೇಕು.

3. ನಮ್ಮ ಹೆಸರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸೈನ್ಯದಲ್ಲಿ ಇಂಗ್ಲಿಷು. ಬಸಮ್ಮ ಒಂದು ಕಡೆ ಬಸವಮ್ಮ, ಇನ್ನೊಂದು ಕಡೆ ಬಸವರಾಜಮ್ಮ ಆಗುತ್ತಾಳೆ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಪತಿ, ಪತ್ನಿ, ಮಕ್ಕಳ ಹೆಸರು ಮತ್ತು ಜನ್ಮ ದಿನಾಂಕ ತಾಳೆ ನೋಡಬೇಕು. ವ್ಯತ್ಯಾಸವಿದ್ದರೆ ಯೋಧರು ಬದುಕಿರುವಾಗಲೇ ತಿದ್ದಿಸಬೇಕು.

4. ಪಿಂಚಣಿ ಖಾತೆ ಪತ್ನಿಯೊಡನೆ ಜಂಟಿಯಾಗಿರಲಿ. ಕಾಗದಗಳು ಎಲ್ಲಿವೆ ಎಂಬುದು ಮನೆಯ ಹೆಣ್ಣುಮಕ್ಕಳಿಗೂ ತಿಳಿದಿರಲಿ.

5. ಅರ್ಜಿಗೆ ಹಣ ಕೊಡಬೇಕಾಗಿಲ್ಲ. ಪಿಂಚಣಿ ಮಾಡಿಸಿಕೊಡುತ್ತೇವೆಂದು ಫೋನಿನಲ್ಲಿ ಓ.ಟಿ.ಪಿ. ಕೇಳುವವರಿಗೆ ಹೇಳಲೇಬೇಡಿ.

ಬಂಧುಗಳೇ, ಯೋಧನ ಕಾಯಕ ದೇಶ ಕಾಯುವುದು. ಅವನು ಮರಳಿ ಬಂದ ಮೇಲೆ ಅವನ ಮನೆಯನ್ನು ಕಾಯುವುದು ಊರಿನ ಕಾಯಕ. ಓದಿದ ಯುವಕರು ತಮ್ಮ ಊರಿನ ಒಬ್ಬೊಬ್ಬ ಮಾಜಿ ಸೈನಿಕರ ಮನೆಗೆ ಹೋಗಿ ಆ ನಾಲ್ಕು ಕಾಗದ ತಾಳೆ ನೋಡಿಕೊಟ್ಟರೆ, ಅದು ನೂರು ಹಾರಕ್ಕಿಂತ ದೊಡ್ಡ ಸನ್ಮಾನ. ಅಮಾವಾಸ್ಯೆಯ ದಾಸೋಹಕ್ಕೆ ಬರುವಾಗ ಕಾಗದಗಳನ್ನು ಜೊತೆಗೆ ತನ್ನಿ. ಪ್ರಸಾದವಾದ ಮೇಲೆ ಕುಳಿತು ನೋಡಿಕೊಡಲು ನಾವು ಸಿದ್ಧರಿದ್ದೇವೆ. ಮುಂದಿನ ಆಗಸ್ಟ್ 15ರಂದು ಶಾಲು ಹೊದಿಸುವ ಮೊದಲು, "ಅಯ್ಯಾ, ತಮ್ಮ ಕಾಗದ ಸರಿಯಾಗಿವೆಯೇ?" ಎಂದು ಕೇಳಿಯೇ ಹೊದಿಸುತ್ತೇವೆ.



ಕಾರ್ಯದರ್ಶಿಗಳು, ಶ್ರೀಮಠ